ಎತ್ತದ ಬಲಗೈ

ಕ್ಲಿಯರ್ ಲೇಕ್, ಹ್ಯೂಸ್ಟನ್
೨ ಫೆಬ್ರವರಿ ೨೦೨೫

ಚಿರಂಜೀವಿ ಶಮಂತನಿಗೆ ಅಪ್ಪನ ಅನಂತ ಆಶೀರ್ವಾದಗಳು.

ಪ್ರೊಬೇಷನ್ ಆಫೀಸಿನ ಬಾಗಿಲಲ್ಲಿ ನಿನ್ನ ಕೈಗೆ ಬೇಡಿ ಬಿದ್ದು ಇಂದಿಗೆ ಹನ್ನೊಂದು ದಿನ! ತಿಂಗಳಿಗೊಮ್ಮೆ ಹೋಗಿ ಸಹಿ ಹಾಕಿ ಬರುವ ಮಗ ಸಂಜೆಯಾದರೂ ಬರಲಿಲ್ಲ, ಬಂದದ್ದು ಫೋನು. "ನಿಮ್ಮ ಮಗ ಇಮಿಗ್ರೇಷನ್‌ನವರ ವಶದಲ್ಲಿದ್ದಾನೆ, ಡಲ್ಲಾಸ್ ಕಡೆ ಒಯ್ದಿದ್ದಾರೆ." ಡಲ್ಲಾಸ್! ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳುವುದನ್ನೇ ಮರೆಯಿತು.

ಕೇಳು ಮಗನೇ. ಕಳವು ಮಾಡಿದ್ದು ನೀನು. ಅದರ ಮೇಲೆ ನಾನು ಪರದೆ ಎಳೆಯುವುದಿಲ್ಲ. ೨೦೨೩ರ ರಾಜ್ಯೋತ್ಸವದ ಸಂಜೆ ಹ್ಯೂಸ್ಟನ್ನಿನ ಕನ್ನಡಿಗರೆಲ್ಲ ಕನ್ನಡ ಸಂಘದ ಸಭಾಂಗಣದಲ್ಲಿ ಕೂತು ನನ್ನ ನಾಟಕ ನೋಡುತ್ತಿದ್ದರು. ಪಟ್ಟದರಾಣಿಯಾಗಿ ನಮ್ಮ ಪ್ರಹ್ಲಾದನ ಹೆಂಡತಿ ವಸುಧಾ ಗಿಲೀಟಿನ ಒಡವೆ ತೊಟ್ಟು ವೇದಿಕೆಯ ಮೇಲೆ ಅಳುತ್ತಿದ್ದಳು. ಅದೇ ಗಳಿಗೆಯಲ್ಲಿ ನೀನು ಅವಳ ಮನೆಯ ಗ್ಯಾರೇಜು ತೆರೆದು ನಿಜವಾದ ಬಂಗಾರ ಎತ್ತಿಕೊಂಡು ಹೋದೆ. ಆದರೆ ಜಡ್ಜಿನ ಮುಂದೆ ತಲೆಬಾಗಿ ತಪ್ಪೊಪ್ಪಿಕೊಂಡೆಯಲ್ಲ! ಐದು ವರ್ಷದ ಶಿಕ್ಷೆ ಬರೆದು, ಜೈಲಿಗೆ ಕಳಿಸದೆ ಪ್ರೊಬೇಷನ್ ಮೇಲೆ ಬಿಟ್ಟರಲ್ಲ! ಮಂಗಳ ಹಾಡಿದ ಮೇಲೆ ರಾಜಭಟರು ಮತ್ತೆ ಬಂದು ಹಿಡಿಯುವುದು ಯಾವ ನಾಟಕದಲ್ಲಿದೆ?

ಇದು ಯಾವನೋ ಗುಮಾಸ್ತನ ತಪ್ಪು. ಸರಿಹೋಗುತ್ತದೆ. ಅಲ್ಲಿಯ ಟ್ಯಾಬ್ಲೆಟ್ಟಿನಿಂದ ಇಂಗ್ಲಿಷ್ ಮೆಸೇಜು ಕಳಿಸಬೇಡ. ಅದರಲ್ಲಿ ನಿನ್ನ ದನಿ ಕೇಳುವುದಿಲ್ಲ. ಹತ್ತು ವರ್ಷದವನಿದ್ದಾಗಿನಿಂದ ಪರದೆಯ ಸಂದಿಯಲ್ಲಿ ನಿಂತು ನಮಗೆಲ್ಲ ಮಾತು ನೆನಪಿಸಿಕೊಟ್ಟವನು ನೀನು. ನನ್ನ ನಾಟಕದ ಹಸ್ತಪ್ರತಿ ಓದಿಯೇ ಕನ್ನಡ ಕಲಿತವನು. ಕಾಗದದ ಮೇಲೆ ಬರೆ.

ಇಂತು, ರಂಗದ ಸೇವಕನೂ ನಿನ್ನ ತಂದೆಯೂ ಆದ
ಉದಯಶಂಕರ

&nbsp;

ಡಲ್ಲಾಸ್ ಹತ್ತಿರ
೧೯ ಫೆಬ್ರವರಿ

ಅಪ್ಪಾ,

ಕಾಗದ ಬಂತು. ಇಲ್ಲಿ ಒಡೆದು ನೋಡಿಯೇ ಕೊಡುತ್ತಾರೆ. ಅಕ್ಷರ ನೋಡಿ ಆಫೀಸರ್ "ಇದೇನು, ಸೀಕ್ರೆಟ್ ಕೋಡಾ?" ಅಂದ. "ಅಲ್ಲ, ನಮ್ಮಪ್ಪ" ಅಂದೆ.

ಒಂದು ರೂಮಿನಲ್ಲಿ ನಲವತ್ತು ಜನ ಇದ್ದೇವೆ. ಟಿವಿ ಆರಿಸುವುದೇ ಇಲ್ಲ. ಊಟಕ್ಕೆ ಬೀನ್ಸ್, ಬ್ರೆಡ್, ಮತ್ತೆ ಬೀನ್ಸ್.

ಆಸ್ಟಿನ್ನಿಂದ ಗಾರ್ಗಿ ಅನ್ನುವ ಲಾಯರ್ ಬಂದಿದ್ದರು. ಧಾರವಾಡದವರ ಮಗಳು, ಇಲ್ಲೇ ಹುಟ್ಟಿದವರು. ಅವರು ಹೇಳಿದ್ದು ಇಷ್ಟು: ಗ್ರೀನ್ ಕಾರ್ಡ್ ಇದ್ದರೂ ಸಿಟಿಜನ್ ಅಲ್ಲದವನು ಮನೆಗಳ್ಳತನ ಮಾಡಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಬಿದ್ದರೆ ದೇಶದಿಂದ ಹೊರಗೆ ಕಳಿಸುತ್ತಾರೆ. ಜೈಲಿಗೆ ಹಾಕದೆ ಬಿಟ್ಟಿದ್ದರೂ ಅಷ್ಟೇ, ಬರೆದ ಶಿಕ್ಷೆಯನ್ನೇ ನೋಡುತ್ತಾರೆ. ನನಗೆ ನಗು ಬಂತು. ನಾನು ಸಿಟಿಜನ್ ಅಲ್ಲವಾ ಅಂದೆ. ೨೦೧೬ರಲ್ಲಿ ನೀವು ಆದಿರಿ, ಆಗ ನನಗೆ ಹನ್ನೆರಡು. ಅಪ್ಪ ಆದರೆ ಹದಿನೆಂಟರ ಒಳಗಿನ ಮಗನೂ ಆದ ಹಾಗೆ. ಪಾರ್ಟಿಗೆ ಬಲೂನ್ ಊದಿದವನೇ ನಾನು!

ಹಾಗಾದರೆ ಅಪ್ಪನ ಸಿಟಿಜನ್‌ಶಿಪ್ ಸರ್ಟಿಫಿಕೇಟ್ ಒಂದೇ ಸಾಕು, ಬಿಡಿಸಿಕೊಂಡು ಬರುತ್ತೇನೆ ಅಂದರು. ಒಂದೇ ಒಂದು ಪೇಪರ್ ಅಪ್ಪಾ. ಫೋಟೋ ತೆಗೆದು ಅವರಿಗೆ ಇವತ್ತೇ ಕಳಿಸಿ.

ನಿಮ್ಮ
ಶಮಂತ್

&nbsp;

ಹ್ಯೂಸ್ಟನ್
೬ ಮಾರ್ಚ್

ಚಿರಂಜೀವಿ ಶಮಂತನಿಗೆ,

ಕಳೆದ ಶನಿವಾರ ನಿನ್ನನ್ನು ನೋಡಲು ಹೊರಟಿದ್ದೆ. ಡಲ್ಲಾಸ್ ದಾರಿಯ ದ ವುಡ್‌ಲ್ಯಾಂಡ್ಸ್ ಊರು ದಾಟಿ ಒಂದು ಗಂಟೆ ಹೋಗಿರಬೇಕು, ಕಾರಿನ ಎಂಜಿನ್ನು ಕಾದು ಹೊಗೆಯಾಡಿತು. ಹಿಂದಿರುಗಿದೆ. ವಿಧಿಯ ಆಟ ನೋಡು!

ಮೆಷಿನ್ ಶಾಪಿನಲ್ಲಿ ವಿಪರೀತ ಕೆಲಸ. ಬಾಹ್ಯಾಕಾಶಕ್ಕೆ ಹೋಗುವ ಬೋಲ್ಟು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎನ್ನುತ್ತಾರೆ. ಸಂಜೆ ಯುಗಾದಿಯ ನಾಟಕಕ್ಕೆ ತಾಲೀಮು ಇಲ್ಲ; ಸಂಘದವರು ಈ ಸಲ ನನ್ನನ್ನು ಕರೆಯಲಿಲ್ಲ. ಕರೆಯದಿರಲಿ! ಸಿಂಹಕ್ಕೆ ಯಾರು ಆಮಂತ್ರಣ ಕೊಡಬೇಕು?

ನೀನು ಕೇಳಿದ ಕಾಗದ ಹುಡುಕುತ್ತಿದ್ದೇನೆ. ನಿನ್ನ ತಾಯಿ ಹರ್ಷಿಣಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ಯಾವ ವಸ್ತು ಎಲ್ಲಿದೆಯೆಂದು ದೇವರಿಗೂ ಗೊತ್ತಿಲ್ಲ. ಬಣ್ಣದ ಪೆಟ್ಟಿಗೆಯಲ್ಲಿ ನೋಡಿದೆ, ಕಿರೀಟಗಳ ಅಟ್ಟದಲ್ಲಿ ನೋಡಿದೆ. ಸಿಗುತ್ತದೆ. ಗಾರ್ಗಿಗೆ ಹೇಳು, ಪದೇ ಪದೇ ಫೋನ್ ಮಾಡುವುದು ಬೇಡ.

ಧೈರ್ಯವಾಗಿರು. ಧೈರ್ಯವಾಗಿರು. ಧೈರ್ಯವಾಗಿರು.

ಇಂತು, ನಿನ್ನ ತಂದೆ
ಉದಯಶಂಕರ

&nbsp;

ಡಲ್ಲಾಸ್ ಹತ್ತಿರ
೨೮ ಮಾರ್ಚ್

ಅಪ್ಪಾ,

ಕಳ್ಳತನ ಯಾಕೆ ಮಾಡಿದೆ ಅಂತ ನೀವು ಇವತ್ತಿನವರೆಗೆ ಕೇಳಲಿಲ್ಲ. ನಾನೇ ಹೇಳುತ್ತೇನೆ.

ಆಸ್ಟಿನ್ನಿನಲ್ಲಿ ನಾನು ಕಾಲೇಜಿಗೆ ಹೋಗಿದ್ದು ಒಂದೇ ಸೆಮಿಸ್ಟರ್. ಫೇಲಾದೆ, ಬಿಟ್ಟೆ. ಮುಂದಿನ ಹತ್ತು ತಿಂಗಳು ದ ಡೊಮೇನ್ ಅನ್ನುವ ಶಾಪಿಂಗ್ ಏರಿಯಾದ ಸುತ್ತಮುತ್ತ ಆಫೀಸುಗಳಿಗೆ ಊಟ ಡೆಲಿವರಿ ಮಾಡಿಕೊಂಡಿದ್ದೆ. ನೀವು ಫೋನ್ ಮಾಡಿದಾಗಲೆಲ್ಲ "ಲೈಬ್ರರಿಯಲ್ಲಿದ್ದೇನೆ" ಅಂತ ಪಿಸುಗುಟ್ಟುತ್ತಿದ್ದೆ. ನೀವು ಎಲ್ಲರಿಗೂ "ನನ್ನ ಮಗ ಎಂಜಿನಿಯರ್ ಆಗ್ತಾನ್ರೀ" ಅನ್ನುತ್ತಿದ್ದಿರಿ. ಬಾಡಿಗೆ ಬಾಕಿ ಬಿದ್ದು ರೂಮಿನಿಂದ ಹೊರಗೆ ಹಾಕಿದರು. ನಿಮಗೆ ಹೇಳುವುದಕ್ಕಿಂತ ಕದಿಯುವುದು ಸುಲಭ ಅನ್ನಿಸಿತು. ನಿಜವಾಗಲೂ ಹಾಗೇ ಅನ್ನಿಸಿತು.

ಪ್ರಹ್ಲಾದ್ ಅಂಕಲ್ ಊರಿಗೆ ಹೋದಾಗಲೆಲ್ಲ ಅವರ ಮೀನಿಗೆ ಊಟ ಹಾಕುತ್ತಿದ್ದವನು ನಾನು. ಗ್ಯಾರೇಜು ತೆರೆಯುವ ನಂಬರ್ ಗೊತ್ತಿತ್ತು. ನಿಮ್ಮ ನಾಟಕದ ಎರಡನೇ ಅಂಕ ಐವತ್ತು ನಿಮಿಷಕ್ಕೆ ಕಡಿಮೆ ಮುಗಿಯುವುದಿಲ್ಲ ಅಂತಲೂ ಗೊತ್ತಿತ್ತು. ಆಮೇಲೆ ಬಳೆ ಮಾರಲು ಹೋದ ಅಂಗಡಿಯಲ್ಲಿ ಐಡಿ ಕೇಳಿದರು, ನನ್ನದೇ ಲೈಸೆನ್ಸ್ ಕೊಟ್ಟೆ. ಅಷ್ಟು ಜಾಣ ಕಳ್ಳ ನಾನು.

ಈಗ ವಿಷಯ. ಗಾರ್ಗಿ ಸರ್ಕಾರದ ರೆಕಾರ್ಡ್ ತರಿಸಿದ್ದಾರೆ. ಸಿಟಿಜನ್ ಆದವರಲ್ಲಿ ನಿಮ್ಮ ಹೆಸರಿಲ್ಲವಂತೆ. ಅವರ ಕಂಪ್ಯೂಟರ್ ತಪ್ಪು ಅಂದೆ. ಏಪ್ರಿಲ್ ೨೨ಕ್ಕೆ ಇಮಿಗ್ರೇಷನ್ ಜಡ್ಜ್ ಮುಂದೆ ನಿಲ್ಲಬೇಕು. ಆ ಪೇಪರ್ ಎಲ್ಲಿದೆ ಅಪ್ಪಾ?

ಶಮಂತ್

&nbsp;

ಹ್ಯೂಸ್ಟನ್
೧೧ ಏಪ್ರಿಲ್

ಶಮಂತ,

ಆ ಕಾಗದ ಇಲ್ಲ. ಎಂದೂ ಇರಲಿಲ್ಲ.

ಎಂಟನೇ ವಯಸ್ಸಿಗೆ ಗದಗಿನಲ್ಲಿ ಅಪ್ಪಾಸಾಹೇಬರ ನಾಟಕ ಕಂಪನಿ ಸೇರಿದವನು ನಾನು. ಅವರು ಕಲಿಸಿದ್ದು ಒಂದೇ ಪಾಠ: "ಬಾಯಿ ತಗದಿ ಅಂದ್ರ ಹಿಂದಿನ ಸಾಲಿನವನ ಎದಿಗೆ ಬಡೀಬೇಕಲೇ!" ತುಟಿ ಅಲ್ಲಾಡಿಸಿ, ಗುಂಪಿನಲ್ಲಿ ಗೊಣಗಿ ಪಾರಾಗುವ ವಿದ್ಯೆ ನನಗೆ ಬರುವುದಿಲ್ಲ.

೨೦೧೬ರ ಆ ದಿನ ಹ್ಯೂಸ್ಟನ್ನಿನ ದೊಡ್ಡ ಸಭಾಂಗಣ. ಸಾವಿರಾರು ಜನ, ನೂರೆಂಟು ದೇಶದವರು. ಅಷ್ಟರಲ್ಲಿ ತೀರಿಕೊಂಡಿದ್ದ ನಿನ್ನ ತಾಯಿ ಹಿಂದೆ ಕೊಡಿಸಿದ ಕಪ್ಪು ಕೋಟು ನನ್ನ ಮೈಮೇಲೆ. ಸಿಟಿಜನ್ ಆಗಲು ಕೊನೆಗೆ ಹೇಳಬೇಕಾದ ಪ್ರಮಾಣವಚನ ನನಗೆ ಬಾಯಿಪಾಠ! ಎಲ್ಲರೂ ಎದ್ದು ಬಲಗೈ ಎತ್ತಿದರು. ಹುಟ್ಟಿದ ನೆಲದ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯುತ್ತೇನೆ ಎಂಬ ಮಾತು ಬರುತ್ತದೆ ಅದರಲ್ಲಿ. ಅಕ್ಕಪಕ್ಕದವರು ಅದನ್ನು ಬಸ್ ನಂಬರು ಹೇಳಿದಂತೆ ಹೇಳುತ್ತಿದ್ದರು. ನಾನು ಹೇಳಿದರೆ ಹಾಗೆ ಹೇಳಲಾರೆ. ಎದೆಯಿಂದ ಹೇಳಬೇಕು, ಹೇಳಿದರೆ ಅದು ಆಗಿಹೋಗುತ್ತದೆ. ಕಂಪನಿಯ ಡೇರೆ, ಹಾರ್ಮೋನಿಯಂ, ಒಂದು ದಿನ ಮರಳಿ ಅಲ್ಲೇ ಬಣ್ಣ ಹಚ್ಚುವ ಆಸೆ, ಎಲ್ಲವನ್ನೂ ನನ್ನ ಬಾಯಿಂದಲೇ ಕೊಂದಂತೆ. ಕೈ ಏಳಲಿಲ್ಲ. ಎದ್ದು ಹೊರಗೆ ಬಂದೆ. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತಿದ್ದೆ.

ಫೋನು ಬಂತು, ಪ್ರಹ್ಲಾದನದು. "ಉದಯಣ್ಣ, ಆಯ್ತಾ?"

"ಆಯ್ತು" ಎಂದೆ. ಬರೀ ಎರಡಕ್ಷರ.

ಮನೆಗೆ ಬಂದರೆ ಮೂವತ್ತು ಜನ, ಕೇಕು, ಬಾವುಟ, ನೀನು ಊದಿದ ಬಲೂನು. "ಸ್ಪೀಚ್! ಸ್ಪೀಚ್!" ಎಂದರು. ನಾನು ಸೋಫಾದ ಮೇಲೆ ಹತ್ತಿ ನಿಂತು, ಬಲಗೈ ಎತ್ತಿ, ಅಲ್ಲಿ ಹೇಳದ ವಚನವನ್ನು ಇಲ್ಲಿ ಗುಡುಗಿದೆ. ವಸುಧಾ ಕಣ್ಣೀರು ಒರೆಸಿಕೊಂಡಳು. ಅಷ್ಟು ಚೆನ್ನಾಗಿ ನಾನು ಎಂದೂ ನಟಿಸಿಲ್ಲ.

ಮತ್ತೊಂದು ದಿನಾಂಕ ಕೊಟ್ಟಿದ್ದರು, ಹೋಗಲಿಲ್ಲ. ಪಾಸ್‌ಪೋರ್ಟ್ ನೋಡಿದರೆ ಗೊತ್ತಾಗುತ್ತದೆಂದು ನಿನ್ನನ್ನು ಒಮ್ಮೆಯೂ ಇಂಡಿಯಾಕ್ಕೆ ಕರೆದೊಯ್ಯಲಿಲ್ಲ. ತಾಲೀಮು, ತಾಲೀಮು ಎಂದೆ. ನಿನ್ನ ಮೊದಲ ಲಾಯರು "ಸಿಟಿಜನ್ನಾ?" ಎಂದು ಕೇಳಿದಾಗ ನೀನು "ಎಸ್" ಎಂದೆಯಲ್ಲ, ನಾನು ಪಕ್ಕದ ಕುರ್ಚಿಯಲ್ಲಿದ್ದೆ. ವಿಚಾರಣೆ ನಡೆದರೆ ವಸುಧಾ ಸಾಕ್ಷಿ ಹೇಳಬೇಕು, ಕೋರ್ಟಿನ ತುಂಬ ನಮ್ಮವರೇ ಬಂದು ಕೂರುತ್ತಾರೆ ಎಂದು ಹೆದರಿ, "ಒಪ್ಪಿಕೊಂಡುಬಿಡು, ಜೈಲಿಲ್ಲವಲ್ಲ" ಎಂದು ನಿನ್ನನ್ನು ನೂಕಿದವನೂ ನಾನೇ.

ನಿನ್ನನ್ನು ನೋಡಲು ಹೊರಟ ಆ ಶನಿವಾರ ಎಂಜಿನ್ನು ಕಾದಿರಲಿಲ್ಲ. ನಾನೇ ತಿರುಗಿಸಿದೆ.

ಉದಯಶಂಕರ

&nbsp;

ಡಲ್ಲಾಸ್ ಹತ್ತಿರ
೩೦ ಮೇ

ಅಪ್ಪಾ,

ನಿಮ್ಮ ಕಾಗದಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ನೀವು ಬಂದ ದಿನ ವಿಸಿಟಿಂಗ್ ರೂಮಿಗೂ ಬರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಹೇಳಿಸಿದೆ. ಹೊಟ್ಟೆ ಸರಿಯಿತ್ತು.

ನಿಮ್ಮ ಕಾಗದವನ್ನು ಎಷ್ಟೋ ಸಲ ಓದಿದೆ. ತುಂಬ ಚೆನ್ನಾಗಿ ಬರೆದಿದ್ದೀರಿ. ಡೇರೆ, ಹಾರ್ಮೋನಿಯಂ, ಕಪ್ಪು ಕೋಟು. ಕ್ಷಮಿಸು ಅನ್ನುವ ಮಾತು ಎಲ್ಲಿದೆ ಅಂತ ಹುಡುಕಿದೆ. ಇಲ್ಲ.

ಇಮಿಗ್ರೇಷನ್ ಜಡ್ಜ್ ನನ್ನನ್ನು ಇಂಡಿಯಾಕ್ಕೆ ಕಳಿಸಿ ಅಂತ ಆರ್ಡರ್ ಮಾಡಿದರು. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಪಕ್ಕದ ಬೆಡ್ಡಿನ ಹರಿಯಾಣದವನು "ಘರ್ ಜಾ ರಹಾ ಹೈ, ರೋ ಕ್ಯೂಂ ರಹಾ ಹೈ?" ಅಂದ. ಮನೆಗೆ ಹೋಗುತ್ತಿದ್ದೀಯ, ಯಾಕೆ ಅಳುತ್ತೀಯ ಅಂತ. ಮೂರು ವರ್ಷದವನಿದ್ದಾಗ ಬಿಟ್ಟ ಊರು. ಅಲ್ಲಿಯದು ಅಂತ ನನಗೆ ನೆನಪಿರುವುದು ಒಂದು ಕೆಂಪು ಬಕೆಟ್ ಮಾತ್ರ.

ಗಾರ್ಗಿ ಅಪೀಲ್ ಹಾಕಿ ತಡೆದಿದ್ದಾರೆ. ಇನ್ನು ಒಂದೇ ದಾರಿ. ಹ್ಯೂಸ್ಟನ್ ಕೋರ್ಟಿಗೆ ಹೋಗಿ, ನಾನು ಸಿಟಿಜನ್ ಅಂದುಕೊಂಡೇ ತಪ್ಪೊಪ್ಪಿಕೊಂಡೆ, ಗೊತ್ತಿದ್ದರೆ ಒಪ್ಪಿಕೊಳ್ಳುತ್ತಿರಲಿಲ್ಲ ಅಂತ ತೋರಿಸಬೇಕು. ಜಡ್ಜ್ ನಂಬಿದರೆ ಹಳೆಯ ತೀರ್ಪು ರದ್ದು, ಕೇಸು ಮೊದಲಿನಿಂದ. ಜೈಲಾದರೂ ಸರಿ, ಇಲ್ಲೇ ಇರುವ ಅವಕಾಶ ಸಿಗುತ್ತೆ. ಅದಕ್ಕೆ ನೀವು ಸಾಕ್ಷಿ ಹೇಳಬೇಕು. ಎಲ್ಲರ ಎದುರಿಗೆ. ಪ್ರಹ್ಲಾದ್ ಅಂಕಲ್ ಎದುರಿಗೂ.

ಹೇಳುತ್ತೀರಾ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ಶಮಂತ್

&nbsp;

ಫ್ರಿಸ್ಕೊ, ಡಲ್ಲಾಸ್
೨೨ ಜೂನ್

ಶ್ರೀ ಉದಯಶಂಕರ ಅವರಿಗೆ,

ನಿಮ್ಮ ಕಾಗದ ತಲುಪಿತು. ಇಷ್ಟು ವರ್ಷ ಉದಯಣ್ಣ ಎಂದು ಕರೆದವನಿಗೆ ಈಗ ಕೈ ಬರುತ್ತಿಲ್ಲ, ಕ್ಷಮಿಸಿ.

ನಾವು ಕ್ಲಿಯರ್ ಲೇಕ್ ಮನೆ ಮಾರಿ ಇಲ್ಲಿಗೆ ಶಿಫ್ಟ್ ಆದದ್ದು ಕೆಲಸಕ್ಕಾಗಿ ಎಂದು ಎಲ್ಲರಿಗೂ ಹೇಳಿದ್ದೇನೆ. ಅದಲ್ಲ. ವಸುಧಾ ಆ ಮನೆಯಲ್ಲಿ ಬೀರು ತೆರೆಯುವುದನ್ನೇ ಬಿಟ್ಟಿದ್ದಳು. ಬಳೆ ಹೋದದ್ದಕ್ಕಲ್ಲ. "ನಮ್ಮನೇಲಿ ಊಟ ಮಾಡ್ಕೊಂಡು ಬೆಳೆದ ಹುಡ್ಗ ರೀ ಅವ್ನು, ಕೇಳಿದ್ರೆ ನಾನೇ ಕೊಡ್ತಿದ್ನಲ್ಲ" ಎಂದು ಇವತ್ತಿಗೂ ಅನ್ನುತ್ತಾಳೆ. ಆ ದಿನ ನಾಟಕ ಮುಗಿದ ಮೇಲೆ ನೀವು ಅವಳ ಕೈ ಹಿಡಿದು "ಏನ್ ಅತ್ತಿಯವ್ವಾ, ನಮ್ಮ ರಾಣಿ!" ಎಂದು ಮೆಚ್ಚಿದಿರಿ. ಒಂದು ಗಂಟೆಯ ನಂತರ ಅವಳು ನಿಜವಾಗಿ ಅತ್ತಳು.

ಈಗ ಈ ಸಿಟಿಜನ್‌ಶಿಪ್ಪಿನ ಸುಳ್ಳು. ನಿಮ್ಮ ಪಾರ್ಟಿಗೆ ಕೇಕ್ ತಂದವನು ನಾನು. ನೀವು ನಮ್ಮನ್ನೆಲ್ಲ ಒಂಬತ್ತು ವರ್ಷ ಪ್ರೇಕ್ಷಕರನ್ನಾಗಿ ಮಾಡಿಕೊಂಡಿದ್ದಿರಿ. ನಿಮ್ಮ ಮಗ ಕದ್ದದ್ದು ಒಂದು ಸಂಜೆ.

ಆದರೂ ಕೋರ್ಟಿಗೆ ಬರುತ್ತೇನೆ. ನಿಮಗಾಗಿ ಅಲ್ಲ. ಆ ಪಾರ್ಟಿಯಲ್ಲಿ ಶಮಂತ್ "ಅಂಕಲ್, ಈಗ ನಾನೂ ಸಿಟಿಜನ್ನಾ?" ಎಂದು ಕೇಳಿದ, "ಹೂಂ ಕಣೋ" ಎಂದು ಹೇಳಿದವನು ನಾನೇ. ನಿಮ್ಮ ಭಾಷಣದ ವಿಡಿಯೋ ನನ್ನ ಹಳೇ ಫೋನಿನಲ್ಲಿದೆ. ನಾವೆಲ್ಲ ನಂಬಿದ್ದೆವು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗಾರ್ಗಿಗೆ ಕಳಿಸುತ್ತಿದ್ದೇನೆ.

ಇತಿ,
ಪ್ರಹ್ಲಾದ್

&nbsp;

ಹ್ಯೂಸ್ಟನ್
೫ ಜುಲೈ

ಶಮಂತ,

ಹೌದು. ಹೇಳುತ್ತೇನೆ.

ಕ್ಷಮಿಸು. ಇದನ್ನು ಬರೆಯಲು ಹೋಗಿ ಮೊದಲು ಮೂರು ಪುಟವಾಯಿತು. ಹರಿದು ಹಾಕಿದೆ. ಒಂದೇ ಪದ ಉಳಿಸಿಕೊಂಡಿದ್ದೇನೆ.

ಇನ್ನು ನೋಡು, ಆಗಸ್ಟ್ ೧೨ಕ್ಕೆ ಹ್ಯೂಸ್ಟನ್ ಕೋರ್ಟು! ನಿನ್ನನ್ನು ಅಲ್ಲಿಂದಲೇ ವಿಡಿಯೋದಲ್ಲಿ ತೋರಿಸುತ್ತಾರಂತೆ. ನಾನು ದಿನವೂ ಕೆಲಸದಿಂದ ಬಂದೊಡನೆ ಕನ್ನಡಿಯ ಮುಂದೆ ನಿಲ್ಲುತ್ತಿದ್ದೇನೆ. ಎಲ್ಲಿ ಆರಂಭ, ಎಲ್ಲಿ ನಿಲುಗಡೆ, ಎಲ್ಲಿ ದನಿ ತಗ್ಗಬೇಕು, ಎಲ್ಲಿ ಏರಬೇಕು! ನಿನ್ನೆ ಫೋನಿನಲ್ಲಿ ಗಾರ್ಗಿಗೆ ಪೂರ್ತಿ ಹೇಳಿ ತೋರಿಸಿದೆ. ಆ ಕಡೆಯಿಂದ ಉದ್ದನೆಯ ಉಸಿರೊಂದು ಕೇಳಿತು. ಅಳುತ್ತಿದ್ದಾಳೆ ಎಂದುಕೊಂಡೆ.

"ಅಂಕಲ್, ಪ್ಲೀಸ್, ಡೈಲಾಗ್ ಬೇಡ. ಏನಾಯ್ತೋ ಅಷ್ಟೇ ಹೇಳಿ" ಎಂದಳು.

"ಹೇಳೂದು ಅದನ್ನ ಅಲ್ಲೇನವಾ?"

"ಕೈ ಎತ್ತಿ ಹೇಳ್ಬೇಡಿ. ಬೇಕಂತ ನಿಲ್ಲಿಸಿ ನಿಲ್ಲಿಸಿ ಮಾತಾಡ್ಬೇಡಿ. ಜಡ್ಜ್ ನಿಮ್ ಆಡಿಯೆನ್ಸ್ ಅಲ್ಲ."

ಚಿಕ್ಕ ಹುಡುಗಿ. ಎದೆಯೊಳಗಿನ ಸತ್ಯ ಎದೆಯಿಂದಲೇ ಬರಬೇಕು ಎಂಬುದು ಅವಳಿಗೆ ತಿಳಿಯದು. ಬದುಕಿನಲ್ಲಿ ಮೊದಲ ಸಲ ನಾನು ನಾಟಕದ್ದಲ್ಲದ ಮಾತು ಆಡಲಿದ್ದೇನೆ. ಅದನ್ನು ಸಪ್ಪೆಯಾಗಿ ಆಡಲೇ? ಕಲ್ಲೂ ಕರಗಬೇಕು, ಹಾಗೆ ಹೇಳುತ್ತೇನೆ. ನೀನು ನೋಡುತ್ತಿರು.

ನಿನ್ನ ಅಪ್ಪ
ಉದಯಶಂಕರ

&nbsp;

ಡಲ್ಲಾಸ್ ಹತ್ತಿರ
೧೪ ಆಗಸ್ಟ್

ಅಪ್ಪಾ,

ನೀವು ಫೋನ್ ಎತ್ತುತ್ತಿಲ್ಲ ಅಂತ ಗಾರ್ಗಿ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಒಂದು ಸಣ್ಣ ರೂಮಿನಲ್ಲಿ ಸ್ಕ್ರೀನ್ ಮುಂದೆ ಕೂತು ಎಲ್ಲ ನೋಡಿದೆ. ನೀವು ಬಲಗೈ ಎತ್ತಿ ಪ್ರಮಾಣ ಮಾಡಿದಿರಿ. ಮೊದಲ ಐದು ನಿಮಿಷ ಸರಿಯಾಗಿಯೇ ಇತ್ತು. ಪಾರ್ಕಿಂಗ್ ಲಾಟ್ ಹತ್ತಿರ ಬಂದಾಗ ನೀವು ಎದ್ದು ನಿಂತುಬಿಟ್ಟಿರಿ. ಜಡ್ಜ್ "ಸರ್, ಕೂತು ಮಾತಾಡಿ" ಅಂದರು. ಕೂತಿರಿ, ಆದರೆ ದನಿ ಕೂರಲಿಲ್ಲ. ನನ್ನ ಸ್ಪೀಕರ್ ಒಡೆದ ಹಾಗೆ ಕೇಳುತ್ತಿತ್ತು. ಗಾರ್ಗಿ ಹಣೆ ಹಿಡಿದುಕೊಂಡಿದ್ದು ಕಾಣಿಸಿತು.

ಆಮೇಲೆ ಸರ್ಕಾರಿ ವಕೀಲ ಪ್ರಹ್ಲಾದ್ ಅಂಕಲ್ ಕೊಟ್ಟ ವಿಡಿಯೋ ಹಾಕಿದ. ನೀವು ಸೋಫಾ ಮೇಲೆ. ಅದೇ ಕೈ, ಅದೇ ಗಂಟಲು, ಅದೇ ಕಣ್ಣೀರು. ಅವನು ಬಹಳ ಮೆಲ್ಲಗೆ ಕೇಳಿದ: "ಸರ್, ಇದರಲ್ಲಿ ನೀವು ಸುಳ್ಳು ಹೇಳುತ್ತಿದ್ದೀರಿ, ಇವತ್ತು ನಿಜ ಹೇಳುತ್ತಿದ್ದೀರಿ. ವ್ಯತ್ಯಾಸ ಎಲ್ಲಿದೆ, ನಮಗೆ ತೋರಿಸುತ್ತೀರಾ?" ಮಾತಿಗೆ ಎತ್ತಿದ್ದ ಬಲಗೈಯನ್ನು ನೀವು ಮೆಲ್ಲಗೆ ಇಳಿಸಿಕೊಂಡಿರಿ.

ಸಂಜೆ ತೀರ್ಪು ಬಂತು. ಪ್ರಹ್ಲಾದ್ ಅಂಕಲ್ ಬಂದು ಹೇಳಿದ್ದು ೨೦೧೬ರ ಮಾತು, ತಪ್ಪೊಪ್ಪಿಕೊಂಡ ದಿನ ಮಗನಿಗೆ ಏನು ಗೊತ್ತಿತ್ತು ಅನ್ನುವುದಕ್ಕೆ ಅದು ಸಾಲದು. ಮಗ ನಂಬಿದ್ದ ಅನ್ನುವುದಕ್ಕೆ ಮುಖ್ಯ ಆಧಾರ ಅಪ್ಪನ ಮಾತು. ಅದು ರಿಹರ್ಸಲ್ ಮಾಡಿದ್ದು, ನಂಬಲು ಆಗುವುದಿಲ್ಲ. ಹಳೆಯ ತೀರ್ಪು ರದ್ದಾಗುವುದಿಲ್ಲ. ಇಮಿಗ್ರೇಷನ್ ಅಪೀಲೂ ಇವತ್ತು ವಜಾ ಆಯಿತು. ಎರಡು ವಾರದೊಳಗೆ ಯಾವತ್ತಾದರೂ ವಿಮಾನ ಹತ್ತಿಸುತ್ತಾರೆ, ಯಾವ ದಿನ ಅಂತ ಹೇಳುವುದಿಲ್ಲ.

ನನಗೆ ವ್ಯತ್ಯಾಸ ಗೊತ್ತಾಯಿತು ಅಪ್ಪಾ. ವಿಡಿಯೋದಲ್ಲಿ ನೀವು ಒಂದೂ ತಪ್ಪಿಲ್ಲದೆ ಹೇಳಿದಿರಿ. ಕೋರ್ಟಿನಲ್ಲಿ ಎರಡು ಸಲ ಅಮ್ಮನ ಹೆಸರಿನ ಜಾಗದಲ್ಲಿ ನನ್ನ ಹೆಸರು ಹೇಳಿದಿರಿ. ಅದು ಜಡ್ಜಿಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಹೋಗುತ್ತದೆ ಅಂತಲೂ ಹೇಳಲಾರೆ. ವಸುಧಾ ಆಂಟಿಗೆ ಬೇರೆ ಕಾಗದ ಬರೆದಿದ್ದೇನೆ. ನೀವು ಊಟ ಮಾಡಿ. ಅಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ನನಗೆ ಗೊತ್ತಿಲ್ಲ. ಯಾರಾದರೂ ಇದ್ದರೆ ಬರೆಯಿರಿ.

ಶಮಂತ್

&nbsp;

ಹ್ಯೂಸ್ಟನ್
೨೧ ಆಗಸ್ಟ್

ಶಮಂತ,

ಇದನ್ನು ಗಾರ್ಗಿ ನಾಳೆ ನಿನ್ನ ಕೈಗೆ ಕೊಡುತ್ತಾಳೆ.

ವಿಮಾನ ದೆಹಲಿಯಲ್ಲಿ ಇಳಿಯುತ್ತದೆ. ಅಲ್ಲಿ ಪೊಲೀಸರು ಕೂರಿಸಿಕೊಂಡು ಹೆಸರು, ಊರು, ತಂದೆಯ ಹೆಸರು ಕೇಳುತ್ತಾರೆ. ಕೆಲವು ಗಂಟೆ ಆಗಬಹುದು. ಹೊಡೆಯುವುದಿಲ್ಲ ಎಂದು ಗಾರ್ಗಿ ವಿಚಾರಿಸಿದ್ದಾಳೆ. ಹಿಂದಿ ಬರದಿದ್ದರೆ ಇಂಗ್ಲಿಷಿನಲ್ಲಿ ಹೇಳು.

ಗದಗಿನ ಸಂಗನಬಸಪ್ಪ ಎಂಬವನ ಫೋನ್ ನಂಬರ್ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಕಂಪನಿಯಲ್ಲಿ ನನ್ನ ಜೊತೆ ತಬಲಾ ಬಾರಿಸುತ್ತಿದ್ದ. ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನೀನು ಇಳಿದ ಕೂಡಲೇ ಯಾರದಾದರೂ ಫೋನಿನಿಂದ ಅವನಿಗೆ ಮಾಡು. ಅವನು ರೈಲಿನಲ್ಲಿ ಹೊರಟು ನಿನ್ನೆಯೇ ದೆಹಲಿ ತಲುಪಿ ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದಾನೆ. ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಗುತ್ತದೆ.

ಕಳವಿನ ವಿಷಯ ಅವನಿಗೆ ತಿಳಿಸಿದ್ದೇನೆ. ನನ್ನ ವಿಷಯವನ್ನೂ ತಿಳಿಸಿದ್ದೇನೆ. ನೀನು ಏನನ್ನೂ ಮುಚ್ಚಿಡಬೇಕಿಲ್ಲ. "ಆತು, ಕಳಸು. ಸೈಕಲ್ ಕೆಲಸ ಕಲೀತಾನ ಇಲ್ಲೋ ನೋಡೂಣು" ಎಂದ.

ಬೆಳಗ್ಗೆ ಎದ್ದ ಕೂಡಲೇ ನಿನಗೆ ಸೀನು ಬರುತ್ತದೆ, ಅಲ್ಲಿಯ ಧೂಳಿಗೆ ಹೆಚ್ಚಾಗಬಹುದು. ಮಾತ್ರೆ ಗಾರ್ಗಿಯ ಕೈಯಲ್ಲಿ ಕಳಿಸಿದ್ದೇನೆ. ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕಾಯಿಸಿದ ನೀರು ಕುಡಿ.

ನಾನೂ ಬರುತ್ತೇನೆ ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಟಿಕೆಟ್ ಕೈಗೆ ಬಂದ ದಿನ ಬರೆಯುತ್ತೇನೆ.

ಅಪ್ಪ